ಅಡ್ಡಸಾಲು, ಕಂಬಸಾಲು, ಅಪ್ಪಯ್ಯ

ಕಳೆದ ವಾರ ಅಂಧೇರಿಯ ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದ ಮೃಣಾಲ್ ಎಂಬ ಹುಡುಗಿ ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡುತ್ತಿದ್ದವಳು ಕಿಸಕ್ಕನೆ ನಕ್ಕಳು. "ಮ್ಯಾಮ್, ಆಪ್ ಅಭೀ ಭೀ ಲೂಪ್ ಲಗಾಕೆ ಮ್ಯಾಟ್ರಿಕ್ಸ್ ಪ್ರಿಂಟ್ ಕರತೀ ಹೈಂ?" ಎಂದಳು. ಈಗಲೂ ಲೂಪ್ ಹಾಕಿ, ಅಂದರೆ ಒಂದೇ ಆಜ್ಞೆಯನ್ನು ಸುತ್ತು ಸುತ್ತಾಗಿ ನಡೆಸಿ, ಪ್ರಿಂಟ್ ಮಾಡ್ತೀರಾ ಎಂದು ಕೇಳುವ ಅವಳ ಧಾಟಿ, ಈಗಲೂ ಒರಳಿನಲ್ಲಿ ಹಿಟ್ಟು ರುಬ್ಬುತ್ತೀರಾ ಎಂದು ಕೇಳಿದ ಹಾಗಿತ್ತು. ಅವಳ ಕಾಲದಲ್ಲಿ ಇದಕ್ಕೆಲ್ಲ ಸಿದ್ಧಸಾಮಗ್ರಿ ಇದೆ. ಒಂದು ಆಜ್ಞೆ ಕೊಟ್ಟರೆ ಅಂಕಿಗಳು ತಾವೇ ಸಾಲಾಗಿ ನಿಂತು, ದಶಾಂಶದ ಚುಕ್ಕೆಗಳು ಒಂದರ ಕೆಳಗೊಂದು ಕೂತು, ಚೆಂದವಾಗಿ ಪರದೆಗೆ ಬರುತ್ತವೆ. ನಾನು ಮಾತ್ರ ಪ್ರತಿ ಅಂಕಿಗೂ ಎಷ್ಟು ಜಾಗ, ಎಡಕ್ಕೊತ್ತಬೇಕೋ ಬಲಕ್ಕೊತ್ತಬೇಕೋ ಎಂದು ಕೈಯಾರೆ ಬರೆಯುತ್ತೇನೆ. "ಆದತ್ ಹೈ" ಎಂದು ಹೇಳಿ ಅವಳನ್ನು ಚಹಾಕ್ಕೆ ಕಳುಹಿಸಿದೆ. ಅಭ್ಯಾಸ ಎಂದರೆ ಅಭ್ಯಾಸವೇ. ಆದರೆ ಅದರ ಹಿಂದೆ ನಮ್ಮ ಮನೆಯ ಒಂದು ಕತೆ ಇದೆ. ಅವಳಿಗೆ ಹಿಂದಿಯಲ್ಲಿ ಹೇಳಲು ಬಾರದ್ದನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

ಮ್ಯಾಟ್ರಿಕ್ಸ್ ಎಂದೊಡನೆ ಪುಟ ತಿರುವಬೇಡಿ. ಅಂಕಿಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಕೂರಿಸಿದ ಒಂದು ಚೌಕ, ಅಷ್ಟೇ. ನಾನು ಕಾಲೇಜಿನಲ್ಲಿದ್ದಾಗ ಅದನ್ನು ಪರದೆಯ ಮೇಲೆ ಮೂಡಿಸುವುದೇ ಒಂದು ಪ್ರಾಕ್ಟಿಕಲ್. ಕಪ್ಪು ಪರದೆ, ಹಸಿರು ಅಕ್ಷರ, ಲ್ಯಾಬಿನ ತುಂಬ ಏಸಿಯ ಚಳಿ. ಹೊರಗೆ ಬೆವರು ಸುರಿಸಿಕೊಂಡು ಬಂದ ನಮಗೆ ಆ ಚಳಿಯೇ ದೊಡ್ಡ ಆಕರ್ಷಣೆ. ಮೊದಲ ದಿನ ನನ್ನ ಮ್ಯಾಟ್ರಿಕ್ಸಿನ ಅಂಕಿಗಳೆಲ್ಲ ಒಂದೇ ಸಾಲಿನಲ್ಲಿ, ಚರ್ಚ್‌ಗೇಟಿನಿಂದ ವಿರಾರಿನವರೆಗೆ ಹಳಿ ಹಾಕಿದ ಹಾಗೆ, ಉದ್ದಕ್ಕೆ ಓಡಿದವು. ನಮ್ಮ ಮೇಷ್ಟ್ರು ಬಂದು ನೋಡಿ, "ಪೋರಿ, ಒಳಗಿನ ಲೂಪ್ ಮುಗಿದ ಮೇಲೆ ಹೊಸ ಸಾಲಿಗೆ ಹೋಗು ಅಂತ ಹೇಳೋದು ಯಾರು? ನಿನ್ನ ಆಜೋಬಾನಾ?" ಎಂದು ಮರಾಠಿಯಲ್ಲಿ ಗದರಿದರು. ಆಜೋಬಾ ಎಂದರೆ ಅಜ್ಜ. ನಾನು ಹೊಸ ಸಾಲಿನ ಆಜ್ಞೆ ಸೇರಿಸಿದೆ. ಸಾಲುಗಳೇನೋ ಬಂದವು. ಆದರೆ ಒಂದಂಕಿಯ ಕೆಳಗೆ ಮೂರಂಕಿ ಬಂದಲ್ಲೆಲ್ಲ ಕಂಬ ಸೊಟ್ಟಗಾಯಿತು. "ಪರ್ಸೆಂಟ್ ಫೈವ್ ಡಿ ಲಿಹೀ" ಎಂದರು ಮೇಷ್ಟ್ರು. ಅಂದರೆ ಅಂಕಿ ಚಿಕ್ಕದಿರಲಿ ದೊಡ್ಡದಿರಲಿ, ಐದು ಅಕ್ಷರದಷ್ಟು ಜಾಗ ಬಿಡು ಎಂದು ಅರ್ಥ. ಬರೆದೆ. ಅಂಕಿಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ ನಿಂತವು. ನನಗಾದ ಖುಷಿಯನ್ನು ಏನೆಂದು ಹೇಳಲಿ! ಆ ಮ್ಯಾಟ್ರಿಕ್ಸಿನಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ಆದರೂ ಅದನ್ನು ಮತ್ತೆ ಮತ್ತೆ ಓಡಿಸಿ ನೋಡಿದೆ.

ಆಮೇಲೆ ತಿಳಿದ ಸಂಗತಿಯೊಂದು ಇಂದಿಗೂ ನನ್ನನ್ನು ಯೋಚನೆಗೆ ಹಚ್ಚುತ್ತದೆ. ಯಂತ್ರದ ನೆನಪಿನೊಳಗೆ ಸಾಲು, ಕಂಬ ಯಾವುದೂ ಇಲ್ಲ. ಅಲ್ಲಿ ಎಲ್ಲ ಅಂಕಿಗಳೂ ಒಂದರ ಪಕ್ಕ ಒಂದು, ಒಂದೇ ಗೆರೆಯಲ್ಲಿ ಬಿದ್ದಿರುತ್ತವೆ. ಅವು ಚೌಕವಾಗುವುದು ಪರದೆಗೆ ಬರುವಾಗ, ನೋಡುವವರ ಸಲುವಾಗಿ.

ಇನ್ನು ಅಪ್ಪಯ್ಯನ, ಅಂದರೆ ನನ್ನ ತಂದೆಯ ವಿಷಯ. ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದ ಅಪ್ಪಯ್ಯ ಅಂಧೇರಿ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದುಡಿದವರು. ಕೆಲಸ ಸಪ್ಲಾಯರದ್ದು. ಆದರೆ ಅವರ ನಿಜವಾದ ಬಂಡವಾಳ ಗಂಟಲು. ಗಿರಾಕಿಗಳು ಹೇಳಿದ್ದನ್ನು ಅವರು ಬರೆದುಕೊಳ್ಳುತ್ತಿರಲಿಲ್ಲ. ಮೇಜಿನ ಹತ್ತಿರವೇ ನಿಂತು, ಹಿಂದೆ ತಿರುಗಿಯೂ ನೋಡದೆ, ಅಡುಗೆಮನೆಯತ್ತ ಕೂಗುತ್ತಿದ್ದರು: "ದೋ ಇಡ್ಲೀ ಡುಬಾಕೇ! ಏಕ್ ಮಸಾಲಾ ಕಡಕ್! ತೀನ್ ಕಾಪೀ, ಏಕ್ ಫೀಕಾ!" ಸಾಂಬಾರಿನಲ್ಲಿ ಮುಳುಗಿಸಿದ ಎರಡು ಇಡ್ಲಿ, ಗರಿಗರಿಯಾದ ಒಂದು ಮಸಾಲೆ ದೋಸೆ, ಮೂರು ಕಾಪಿಯಲ್ಲಿ ಒಂದಕ್ಕೆ ಸಕ್ಕರೆ ಬೇಡ ಎಂದು ಅರ್ಥ. ಆ ಕೂಗಿಗೆ ಒಂದು ರಾಗವಿತ್ತು. ಇಡ್ಲಿಯನ್ನು ನಡುವೆ ಎಳೆದು, ಕಡಕ್ ಎಂಬಲ್ಲಿ ತುಂಡರಿಸಿ, ಫೀಕಾವನ್ನು ಗಾಳಿಗೆ ಬಿಟ್ಟುಬಿಡುವರು. ಶಾಲೆ ಬಿಟ್ಟ ಮೇಲೆ ನಾನು ಕೈ ತೊಳೆಯುವ ಬೇಸಿನ್ನಿನ ಪಕ್ಕದ ಮೂಲೆಯ ಮೇಜಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದೆ. ಮಗ್ಗಿಗೂ ಅದೇ ರಾಗ ಹಾಕಿ ಹೇಳುವ ಚಾಳಿ ಬಿದ್ದು, ಟೀಚರಿಂದ ಕಿವಿ ಹಿಂಡಿಸಿಕೊಂಡಿದ್ದೂ ಉಂಟು. ಹೋಟೆಲಿನಲ್ಲಿ ಎಷ್ಟೇ ಗಲಾಟೆಯಿರಲಿ, ಅಪ್ಪಯ್ಯನ ಕೂಗು ಹಾಲಿನ ಮೇಲಿನ ಕೆನೆಯಂತೆ ಮೇಲೆಯೇ ನಿಲ್ಲುತ್ತಿತ್ತು.

ಮನೆಗೆ ಬಂದ ಮೇಲೂ ಅವರು ಮೆಲ್ಲಗೆ ಮಾತಾಡಿದವರಲ್ಲ. ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ ಅವರ ಗುಟ್ಟಿನ ಮಾತು ಎರಡು ಮಹಡಿ ಕೆಳಗೆ ಕೇಳಿಸುತ್ತದೆ ಎಂದು ಅಮ್ಮ ಜೀವನವಿಡೀ ದೂರಿದಳು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಪ್ಪಯ್ಯ ಹಲ್ಲುಜ್ಜುತ್ತಿದ್ದವರು ಗೋಡೆಗೆ ಒರಗಿ ಮೆಲ್ಲಗೆ ಜಾರಿ ಕೂತರು. ಲಕ್ವ. ಬಲಗೈ, ಬಲಗಾಲು ಸೋತವು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕಾಲು ಅಷ್ಟಿಷ್ಟು ಮಾತು ಕೇಳುತ್ತಿತ್ತು. ಬಾಯಿ ಮಾತ್ರ ಕೇಳಲಿಲ್ಲ. ತುಟಿ ಅಲುಗುತ್ತಿತ್ತು. ಗಂಟಲಿನಿಂದ ಗಾಳಿಯಂಥದ್ದೇನೋ ಬರುತ್ತಿತ್ತು. ಮಾತು ಮರಳಿ ಕಲಿಸಲು ಪ್ರಾಜಕ್ತಾ ಮೇಡಂ ಎಂಬ ಥೆರಪಿಸ್ಟ್ ಮನೆಗೆ ಬರತೊಡಗಿದರು. ಮೊದಲ ದಿನವೇ ಅಪ್ಪಯ್ಯನನ್ನು ಪರೀಕ್ಷಿಸಿ, "ಬಾಬಾಂನಾ ಸಗಳಂ ಕಳತಂ" ಎಂದರು. ಇವರಿಗೆ ಎಲ್ಲವೂ ಅರ್ಥವಾಗುತ್ತದೆ, ಓದುವುದೂ ಆಗುತ್ತದೆ, ನಾಲಗೆ ಮತ್ತು ಗಂಟಲಿನ ಸ್ನಾಯುಗಳು ಮಾತ್ರ ಹೇಳಿದ್ದು ಕೇಳುತ್ತಿಲ್ಲ, ಸಮಯ ಹಿಡಿಯುತ್ತದೆ ಎಂದು ವಿವರಿಸಿದರು. ಎಲ್ಲವೂ ಅರ್ಥವಾಗುತ್ತದೆ ಎಂಬ ಮಾತು ಕೇಳಿ ನಮಗೆ ಸಮಾಧಾನವಾಯಿತು. ಅಪ್ಪಯ್ಯನಿಗೆ ಅದು ಎಂಥ ಶಿಕ್ಷೆಯಾಗಿತ್ತು ಎಂದು ತಿಳಿಯಲು ನಮಗೆ ಕೆಲವು ವಾರ ಬೇಕಾಯಿತು.

ಅವರು ಸ್ವಲ್ಪ ಕತ್ತೆತ್ತಿದರೆ ಸಾಕು, ಅಮ್ಮ ಓಡಿ ಬಂದು ಶುರು ಮಾಡುವಳು. "ಎಂತ ಬೇಕ್? ನೀರಾ? ಸೆಕೆ ಆತ್ತಾ? ಬೆನ್ನ್ ನೋಯ್ತಿತ್ತಾ? ಟೀವಿ ಹಾಕ್ಕಾ?" ಆಕೆಯ ಒಂದು ಪ್ರಶ್ನೆಗೆ ಅವರು ತಲೆಯಾಡಿಸುವಷ್ಟರಲ್ಲಿ ನಾನು ಇನ್ನೆರಡು ಕೇಳಿರುತ್ತಿದ್ದೆ. ನನ್ನ ಗಂಡ ಸುರೇಶ ವಿಜಯಪುರದವರು. ಅವರು ಇನ್ನೊಂದು ಕಡೆಯಿಂದ, "ಮಾವ್ರ, ಕಾಲ ಒತ್ತಲೇನ್ರಿ? ಎಬ್ಬಿಸಿ ಕೂಡಸ್ಲೇನ್ರಿ?" ಎಂದು ಬಾಗುತ್ತಿದ್ದರು. ಎಡಗೈಗೆ ಸ್ಲೇಟು ಕೊಟ್ಟು ನೋಡಿದೆವು. ಬಂದದ್ದು ಏಡಿ ನಡೆದ ಗುರುತು. ಅವರೇ ಅದನ್ನು ಅಂಗೈಯಿಂದ ಒರೆಸಿ ಸ್ಲೇಟನ್ನು ಹಾಸಿಗೆಯ ಕೆಳಗೆ ತಳ್ಳಿಬಿಟ್ಟರು. ಒಂದು ದಿನ ನಮ್ಮ ಪ್ರಶ್ನೆಗಳ ನಡುವೆ ಸ್ಟೀಲಿನ ಲೋಟವನ್ನು ಗೋಡೆಗೆ ಎಸೆದರು. ಎಂದೂ ಯಾರ ಮೇಲೂ ಕೈಯೆತ್ತಿದವರಲ್ಲ. ಲೋಟ ಉರುಳುತ್ತ ಹೋಗಿ ಬಾಗಿಲ ಬಳಿ ನಿಂತಿತು. ಮರುದಿನದಿಂದ ಅವರು ಗೋಡೆಯ ಕಡೆಗೆ ಮುಖ ಮಾಡಿ ಮಲಗತೊಡಗಿದರು. ಪ್ರಾಜಕ್ತಾ ಮೇಡಂ ಬಂದರೂ ತಿರುಗಲಿಲ್ಲ. ಎರಡು ಚಮಚ ಗಂಜಿ ಕುಡಿದು ಬಾಯಿ ಮುಚ್ಚಿಕೊಳ್ಳುವರು. "ಹೀಗೇ ಬಿಟ್ಟರೆ ಇವರು ಪ್ರಯತ್ನವನ್ನೇ ನಿಲ್ಲಿಸಿಬಿಡ್ತಾರೆ" ಎಂದು ಮೇಡಂ ನನ್ನನ್ನು ಹೊರಗೆ ಕರೆದು ಹೇಳಿದರು. "ಒಂದು ಚಾರ್ಟ್ ಮಾಡಿ. ಬೇಕಾದ ಮಾತುಗಳನ್ನು ಚೌಕಗಳಲ್ಲಿ ಬರೆಯಿರಿ. ಅವರು ತೋರಿಸಲಿ."

ಯಾರಾದರೂ ಬುದ್ಧಿವಂತರು ಒಂದು ರಟ್ಟು ತಂದು, ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಹತ್ತು ನಿಮಿಷದಲ್ಲಿ ಇದನ್ನು ಮುಗಿಸುತ್ತಿದ್ದರು. ನಾನು ಸಾಫ್ಟ್‌ವೇರಿನವಳು. ರಜೆ ಹಾಕಿ ಪ್ರೋಗ್ರಾಂ ಬರೆಯಲು ಕೂತೆ! ನನ್ನ ಪರವಾಗಿ ಒಂದು ಮಾತು ಹೇಳಬೇಕು. ಮಲಗಿದಲ್ಲಿಂದ ಅವರಿಗೆ ರಟ್ಟು ಕಾಣುವುದು ಕಷ್ಟ, ಎಡಗೈ ಎತ್ತಿ ಇಂಥದೇ ಚೌಕ ಎಂದು ಮುಟ್ಟಿ ತೋರಿಸುವುದು ಇನ್ನೂ ಕಷ್ಟ. ಹಾಗಾಗಿ ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ ದೊಡ್ಡ ಅಕ್ಷರದಲ್ಲಿ ಮಾತುಗಳನ್ನು ಮೂಡಿಸುವುದು, ಅಪ್ಪಯ್ಯ ಎಡಗೈಯ ಬೆರಳುಗಳಲ್ಲಿ ಮೊದಲು ಅಡ್ಡಸಾಲಿನ ಸಂಖ್ಯೆ, ಆಮೇಲೆ ಕಂಬಸಾಲಿನ ಸಂಖ್ಯೆ ತೋರಿಸುವುದು, ನಾನು ಅವೆರಡನ್ನು ಒತ್ತಿದರೆ ಆ ಮಾತು ಪರದೆಯ ಅಡಿಯಲ್ಲಿ ದೊಡ್ಡದಾಗಿ ಬರುವುದು, ಇದು ನನ್ನ ಯೋಜನೆ. ನೀರು, ಊಟ, ಚಾ, ಸೆಕೆ, ಚಳಿ, ನೋವು, ಕಿಟಕಿ, ಬಚ್ಚಲು, ಸಾಕು ಹೀಗೆ ಮಾತುಗಳನ್ನು ತುಂಬಿದೆ. ಕಾಲೇಜಿನಲ್ಲಿ ಕಲಿತ ಅದೇ ಎರಡು ಲೂಪು. ಪ್ರತಿ ಮಾತಿಗೂ ಇಷ್ಟು ಜಾಗ ಎಂದು ನಿಗದಿ ಮಾಡಿ ಓಡಿಸಿದೆ.

ಪರದೆಯ ಮೇಲೆ ಬಂದದ್ದು ಮ್ಯಾಟ್ರಿಕ್ಸಲ್ಲ, ಅಂಧೇರಿ ಸ್ಟೇಷನ್ನಿನ ಸೇತುವೆಯ ಸಂಜೆಯ ನೂಕುನುಗ್ಗಲು. ಒಂದು ಕಂಬವೂ ನೆಟ್ಟಗಿರಲಿಲ್ಲ. ಕಾರಣ ಹುಡುಕಿದಾಗ ನಗು ಬಂತು. ಇಂಗ್ಲಿಷಿನ ಅಕ್ಷರಗಳಾದರೆ ಯಂತ್ರ ಎಣಿಸುವುದೂ ಕಣ್ಣಿಗೆ ಕಾಣುವುದೂ ಒಂದೇ. ನಮ್ಮ 'ನೀರು' ಕಣ್ಣಿಗೆ ಎರಡು ಅಕ್ಷರ. ಯಂತ್ರದ ಲೆಕ್ಕದಲ್ಲಿ ನಾಲ್ಕು: ನ, ಅದರ ಗುಣಿತ, ರ, ಅದರ ಕೊಂಬು. 'ಬಚ್ಚಲು' ಮೂರಕ್ಷರವಾದರೂ ಒತ್ತಕ್ಷರ ಕೊಂಬು ಎಲ್ಲ ಸೇರಿ ಯಂತ್ರಕ್ಕೆ ಆರು. ನಾಲ್ಕು ಜಾಗ ತುಂಬಿತೆಂದು ಯಂತ್ರ ತಿಳಿದಲ್ಲಿ ನಿಜವಾಗಿ ತುಂಬಿದ್ದು ಎರಡು. ಅದೂ ಸಾಲದೆಂಬಂತೆ ಕನ್ನಡದ ಒಂದೊಂದು ಅಕ್ಷರದ ಮೈ ಒಂದೊಂದು ಅಗಲ. ನಾನು ಇದನ್ನೆಲ್ಲ ವಿವರಿಸುತ್ತಿದ್ದರೆ ಅಮ್ಮ ಸೀರಿಯಲ್ ತಪ್ಪಿದ ಸಿಟ್ಟಿನಲ್ಲಿ ಟೀವಿಯನ್ನೇ ನೋಡುತ್ತ, "ಇಷ್ಟ್ ದೊಡ್ಡ್ ಆಫೀಸಂಗೆ ಕೆಲ್ಸ ಮಾಡ್ತೆ. ನಿನ್ ಕಂಪ್ಯೂಟರಿಗ್ ಕನ್ನಡ ಬತ್ತಿಲ್ಯಾ?" ಎಂದಳು.

"ಬತ್ತ್, ಆದ್ರೆ ಬೊಂಬಾಯಿಯಲ್ಲೇ ಹುಟ್ಟಿದ ಮಕ್ಕಳ ಹಾಗೆ ಬತ್ತ್" ಎಂದೆ.

ಸೊಟ್ಟಗಿದ್ದರೂ ಒಮ್ಮೆ ನೋಡೋಣ ಎಂದು ಸುರೇಶ ಅಪ್ಪಯ್ಯನನ್ನು ಟೀವಿಯ ಕಡೆಗೆ ತಿರುಗಿಸಿ ಕೂರಿಸಿದರು. ನಮ್ಮ ಒತ್ತಾಯಕ್ಕೆ ಅವರು ಬಹಳ ಹೊತ್ತು ಪರದೆ ನೋಡಿದರು. ಎರಡು ಬೆರಳೆತ್ತಿದರು. ಆಮೇಲೆ ಮೂರು. ಒತ್ತಿದೆ. 'ಬಚ್ಚಲು' ಎಂದು ಬಂತು. ಸುರೇಶ ಹಿಗ್ಗಿನಿಂದ, "ಬರ್ರಿ ಮಾವ್ರ, ಹೋಗೂಣು" ಎಂದು ಅವರನ್ನು ಎಬ್ಬಿಸಿ, ತೋಳು ಹಿಡಿದು ಬಚ್ಚಲಿಗೆ ನಡೆಸಿಕೊಂಡು ಹೋದರು. ಅಪ್ಪಯ್ಯ ಅಲ್ಲಿ ಸುಮ್ಮನೆ ನಿಂತಿದ್ದು, ವಾಪಸು ಬಂದು, ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅವರ ಕಣ್ಣಿಗೆ ಎರಡನೇ ಸಾಲಿನ ಮೂರನೇ ಕಂಬದಲ್ಲಿ ಕಂಡದ್ದು 'ಚಾ'. ಕಂಬ ಸರಿದು ಬಚ್ಚಲಾಗಿತ್ತು.

ತಿದ್ದಿದೆ. ಪ್ರತಿ ಮಾತನ್ನೂ ಒಂದೊಂದು ಚೌಕದಲ್ಲಿ ಕೂರಿಸಿ ಸುತ್ತ ಗೆರೆ ಹಾಕಿದೆ. ಈಗ ಎಲ್ಲ ನೆಟ್ಟಗಿತ್ತು. ಆದರೂ ಅಪ್ಪಯ್ಯ ಒಮ್ಮೆ ನೋಡಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ನನಗೆ ಬೇಜಾರಾಯಿತು. ಇಷ್ಟು ಕಷ್ಟಪಟ್ಟಿದ್ದೇನೆ ಎಂಬ ಸಣ್ಣ ಸಿಟ್ಟೂ ಬಂತು. ಅವರು ಜೀವನವಿಡೀ ಬೇರೆಯವರ ಮುಂದೆ ಮೆನು ಒಪ್ಪಿಸಿದವರು. ಈಗ ಅವರ ಮುಂದೆ ನಾನು ಒಂದು ಮೆನು ಇಟ್ಟಿದ್ದೆ. ಅದರಲ್ಲಿದ್ದುದೆಲ್ಲ ರೋಗಿಗೆ ಬೇಕಾಗುವ ಮಾತುಗಳು. ಅವರು ಆಡಬೇಕೆಂದಿದ್ದ ಮಾತು ಅದರಲ್ಲಿ ಇರಲೇ ಇಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ತಪ್ಪು ಪ್ರೋಗ್ರಾಮಿನಲ್ಲೇ ಇದೆ ಎಂದುಕೊಂಡು ಅಕ್ಷರಗಳ ಅಗಲ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆಗೆ ಇಳಿದೆ.

ಪರೀಕ್ಷೆಗೆ ಏನು ಮುದ್ರಿಸುವುದು? ಕೈಗೆ ಸಿಕ್ಕಿದ್ದು ಒಂದನೇ ಕ್ಲಾಸಿನ ಪಾಠ. ಕ ಖ ಗ ಘ ಙ. ಅದರ ಕೆಳಗೆ ಚ ಛ ಜ ಝ ಞ. ಟ ಠ ಡ ಢ ಣ. ತ ಥ ದ ಧ ನ. ಪ ಫ ಬ ಭ ಮ. ಅದನ್ನು ಟೀವಿಯ ಮೇಲೆ ನೋಡಿದಾಗಲೇ ನನಗೆ ಗೊತ್ತಾದದ್ದು, ಮ್ಯಾಟ್ರಿಕ್ಸನ್ನು ನಾನು ಕಾಲೇಜಿಗಿಂತ ಎಷ್ಟೋ ಮೊದಲೇ, ಅಪ್ಪಯ್ಯನ ತೊಡೆಯ ಮೇಲೆ ಕೂತು ಕಲಿತಿದ್ದೆ ಎಂದು. ಕನ್ನಡದ ಗಣಿತ ಪುಸ್ತಕಗಳಲ್ಲಿ ಮ್ಯಾಟ್ರಿಕ್ಸಿಗೆ ಮಾತೃಕೆ ಎನ್ನುತ್ತಾರೆ. ವರ್ಣಮಾಲೆಯ ಅಕ್ಷರಗಳಿಗೂ ಹಿಂದಿನವರು ಮಾತೃಕೆ ಎನ್ನುತ್ತಿದ್ದರಂತೆ. ಇದನ್ನು ನಾನು ಆಮೇಲೆ ಎಲ್ಲೋ ಓದಿದೆ. ಆ ಭಾನುವಾರ ಮಧ್ಯಾಹ್ನ ಇದ್ಯಾವುದೂ ತಲೆಯಲ್ಲಿರಲಿಲ್ಲ. 'ಝ' ಏಕೆ ತನ್ನ ಚೌಕ ಬಿಟ್ಟು ಹೊರಗೆ ಚಾಚಿದೆ ಎಂದು ನಾನು ಗೊಣಗುತ್ತಿದ್ದೆ. ಸುರೇಶ ಫಾಂಟ್ ಬದಲಿಸಲು ಸಲಹೆ ಕೊಡುತ್ತಿದ್ದರು. ಅಮ್ಮ ಅಡುಗೆಮನೆಯಿಂದ, ಆ ಟೀವಿಯನ್ನು ಬಿಟ್ಟುಕೊಡುವುದು ಯಾವಾಗ ಎಂದು ಕೇಳುತ್ತಿದ್ದಳು.

ಹಾಸಿಗೆಯ ಮೇಲೆ ಅಪ್ಪಯ್ಯ ತಿರುಗಿದ್ದು ನಮಗೆ ಗೊತ್ತೇ ಆಗಲಿಲ್ಲ. ಸುರೇಶ ನನ್ನ ಭುಜ ಮುಟ್ಟಿದರು. "ಏ, ಮಾವ್ರು ಕೈ ಎತ್ತಾಕತ್ತಾರ ನೋಡು."

ಅಪ್ಪಯ್ಯ ಐದೂ ಬೆರಳು ಬಿಡಿಸಿ ಹಿಡಿದಿದ್ದರು. ಮಡಿಸಿ, ಮತ್ತೆ ಐದೂ ಬಿಡಿಸಿದರು. ಸಾಕು ನಿಲ್ಲಿಸಿ ಎನ್ನುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನಾಲ್ಕು ಬೆರಳು. ಆಮೇಲೆ ಒಂದು. ಮೂರು, ಮತ್ತೆ ಮೂರು. ಕಣ್ಣು ಪರದೆಯ ಮೇಲೇ ಇತ್ತು. ನಾನು ಗಡಬಡಿಸಿ ಅಲ್ಲೇ ಬಿದ್ದಿದ್ದ ಪೇಪರಿನ ಅಂಚಿನಲ್ಲಿ ಗುರುತು ಹಾಕಿಕೊಂಡೆ. ಐದನೇ ಸಾಲಿನ ಐದನೆಯದು ಮ. ನಾಲ್ಕರಲ್ಲಿ ಮೊದಲನೆಯದು ತ. ಮೂರರಲ್ಲಿ ಮೂರು ಡ. ಆಮೇಲೆ ಬ. ಮತ್ತೆ ಡ. ಕೈ ಕೆಳಗೆ ಬಿತ್ತು. ಅವರು ಏದುಸಿರು ಬಿಡುತ್ತಿದ್ದರು.

"ಮತಡಬಡ" ಎಂದು ಓದಿದೆ. "ಮತ... ಡಬಡ? ಡಬ್ಬ? ಅಪ್ಪಯ್ಯ, ಡಬ್ಬ ಬೇಕಾ? ಯಾವ ಡಬ್ಬ?"

"ದವಾದ ಡಬ್ಬಿ ಇರಬೇಕು" ಎಂದು ಸುರೇಶ ಔಷಧಿ ಡಬ್ಬಿ ತರಲು ಎದ್ದರು.

ಅಮ್ಮ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಾಗಿಲಲ್ಲಿ ಬಂದು ನಿಂತಳು. "ಎಂತ, ಇನ್ನೊಂದ್ ಸಲ ಓದ್" ಎಂದಳು. ಓದಿದೆ. ಅವಳ ತುಟಿ ಅಲುಗಿತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಗತೊಡಗಿದಳು. ನಗುತ್ತಲೇ ಕಣ್ಣಲ್ಲಿ ನೀರು. "ಡಬ್ಬ ಅಲ್ಲ ಮಾರಾಯ್ತಿ! ಮಾತಾಡಬೇಡ! ಮಾತಾಡಬೇಡ ಅಂದ್ ಹೇಳ್ತಿದ್ರ್!"

ನಾವು ಮೂವರೂ ಬಾಯಿ ಮುಚ್ಚಿದೆವು. ಫ್ಯಾನು ತಿರುಗುವ ಸದ್ದು ಕೇಳಿಸಿತು. ಕೆಳಗೆ ರಿಕ್ಷಾವೊಂದು ನಿಂತು, ಮೀಟರ್ ಮಡಿಸಿದ ಸದ್ದೂ ಕೇಳಿಸಿತು. ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ಅಷ್ಟು ನಿಶ್ಶಬ್ದ ಆದದ್ದು ಅದೇ ಮೊದಲು. ಅಪ್ಪಯ್ಯ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟರು. ನಾವು ಕಾದೆವು. ಅವರು ಕಣ್ಣು ತೆರೆದು, ಅವಸರವಿಲ್ಲದೆ, ಮತ್ತೆ ಬೆರಳೆತ್ತಿದರು. ಒಂದು, ಒಂದು. ಐದು, ಒಂದು. ಕ, ಪ. ಆ ಹೊತ್ತಿಗೆ ನಾನೂ ಸ್ವಲ್ಪ ಪಳಗಿದ್ದೆ. ಕಾಪಿ. ನಾನು 'ಚಾ' ಎಂದು ಬರೆದಿಟ್ಟಿದ್ದೆ. ಅವರಿಗೆ ಈ ತಿಂಗಳುಗಳಲ್ಲಿ ಬೇಕಾಗಿದ್ದದ್ದು ಕಾಪಿ.

ಆದರೆ ಕಾಪಿ ಕೊಡುವ ಹಾಗಿರಲಿಲ್ಲ. ತೆಳ್ಳಗಿನದು ಗಂಟಲಲ್ಲಿ ಅಡ್ಡದಾರಿ ಹಿಡಿದು ಶ್ವಾಸಕೋಶಕ್ಕೆ ಹೋಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಪ್ರಾಜಕ್ತಾ ಮೇಡಂಗೆ ಫೋನು ಮಾಡಿದೆವು. ಅವರು ಮರುದಿನ ಒಂದು ಪುಡಿ ತಂದು, ಅಮ್ಮ ಮಾಡಿದ ಕಾಪಿಗೆ ಕಲಸಿ ದಪ್ಪಗೆ ಮಾಡಿ, ತಾವೇ ಒಂದು ಚಮಚ ಕುಡಿಸಿದರು. ನಾವೆಲ್ಲ ಸುತ್ತ ನಿಂತು ಅಪ್ಪಯ್ಯನ ಮುಖವನ್ನೇ ನೋಡಿದೆವು. ಅಪ್ಪಯ್ಯ ನುಂಗಿದರು. ಒಂದು ಕ್ಷಣ ಯೋಚಿಸಿದರು. ಕೈಯೆತ್ತಿ ಒಂದು, ಮೂರು. ಎರಡು, ಮೂರು.

"ಗ, ಜ" ಎಂದೆ. "ಗಜ? ಆನೆಯಾ?"

"ಗಂಜಿ ಅಂಬ್ರ್" ಎಂದಳು ಅಮ್ಮ, ತಾನು ಮಾಡಿದ ಕಾಪಿಗೆ ಬಂದ ಅವಮಾನಕ್ಕೆ ಮುಖ ಊದಿಸಿಕೊಂಡು. ಪ್ರಾಜಕ್ತಾ ಮೇಡಂಗೆ ಅರ್ಥ ಹೇಳಿದಾಗ ಅವರು ಕುರ್ಚಿ ಹಿಡಿದುಕೊಂಡು ನಕ್ಕರು. ಆ ದಿನದಿಂದ ಮೇಡಂ ಹೇಳಿದ ವ್ಯಾಯಾಮಕ್ಕೆ ಅಪ್ಪಯ್ಯ ಒಪ್ಪಿದರು. ನಾಲಗೆ ಚಾಚುವುದು, ಕೆನ್ನೆ ಉಬ್ಬಿಸುವುದು, ಆ ಊ ಎನ್ನುವುದು.

ಯ ರ ಲ ವಗಳಿಗೆ, ಶ ಸ ಹ ಳಗಳಿಗೆ ಮತ್ತೆರಡು ಸಾಲು ಸೇರಿಸಿದೆ. ಆ ಸಾಲು ಬೇಕಾದಾಗ ಅಪ್ಪಯ್ಯ ಮೊದಲು ಮುಷ್ಟಿ ಹಿಡಿಯುತ್ತಿದ್ದರು. ಕಾಗುಣಿತ ಬೇಡ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ಅದನ್ನು ನಾವೇ ತುಂಬಿಕೊಳ್ಳಬೇಕು. ಹೋಟೆಲಿನ ಹಳೆಯ ಗೆಳೆಯ ಸೀನ ಮಾವ ಭಾಂಡುಪಿನಿಂದ ನೋಡಲು ಬಂದವರು, ತಾವು ಅಡುಗೆ ಭಟ್ಟರಾಗಿದ್ದಾಗ ಸಿನಿಮಾದ ಹೀರೋ ಒಬ್ಬ ತಮ್ಮ ಸೆಟ್ ದೋಸೆಗಾಗಿ ಕಾರು ನಿಲ್ಲಿಸಿ ಕಾದ ಕತೆ ಹೇಳತೊಡಗಿದರು. ಅಪ್ಪಯ್ಯ ಮೆಲ್ಲಗೆ ಬೆರಳಾಡಿಸಿದರು. ನಾನು ಜೋರಾಗಿ ಓದಿದೆ: "ಬ, ರ, ಡ. ಬರಡು?"

ಸೀನ ಮಾವನೇ ಹೋ ಎಂದು ನಕ್ಕರು. "ಬರಡಲ್ಲ ಮಗಾ, ಬುರುಡೆ! ಬುರುಡೆ ಬಿಡ್ತಿದ್ದೆ ಅಂಬ್ರ್. ಹ್ವಾಯ್, ಬಾಯಿ ಹೋದ್ರೂ ನಿಮ್ ಕೊಂಕು ಹೋಯ್ಲಿಲ್ಲ ಅಲ್ದಾ!" ಎಂದು ಅಪ್ಪಯ್ಯನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತರು.

ಎಲ್ಲ ದಿನವೂ ಹೀಗೆ ನಗುವಿನದಾಗಿರಲಿಲ್ಲ. ಒಂದು ಸಂಜೆ ಅಮ್ಮ ಸುರೇಶನ ಜೊತೆ ಮಾರ್ಕೆಟ್ಟಿಗೆ ಹೋಗಿದ್ದಳು. ನಾನು ಅಪ್ಪಯ್ಯನ ಪಕ್ಕ ಕೂತು ಆಫೀಸಿನ ಕೆಲಸ ನೋಡುತ್ತಿದ್ದೆ. ಅವರು ನನ್ನ ಮೊಣಕೈ ತಟ್ಟಿದರು. ನ, ನ. ಸ್ವಲ್ಪ ತಡೆದು ದ, ನ. ಮತ್ತೆ ಮುಷ್ಟಿ ಹಿಡಿದು ಹ, ಆಮೇಲೆ ಗ, ತ. ನನಗೆ ಕೂಡಲೇ ತಿಳಿಯಲಿಲ್ಲ. ಕಾಗದದಲ್ಲಿ ಬರೆದು ಗುಣಿತ ಹಚ್ಚಿ ನೋಡಿದೆ. ನನ್ನ ದನಿ ಹೇಗಿತ್ತು.

ಚೆನ್ನಾಗಿತ್ತು ಎಂದೆ. ಅವರು ತಲೆಯಲ್ಲಾಡಿಸಿದರು. ಅದಲ್ಲ ಎಂಬಂತೆ ಮತ್ತೆ ತೋರಿಸಿದರು: ಹ, ಗ, ತ. ಅವರಿಗೆ ನಿಜವಾಗಿಯೂ ಮರೆತು ಹೋಗುತ್ತಿತ್ತೇನೋ. ನಮ್ಮ ದನಿ ನಮಗೆ ಕೇಳಿಸುವುದು ಮಾತಾಡುವಾಗ ಮಾತ್ರ ತಾನೆ? ಮೊಬೈಲಿನಲ್ಲಿ ಹುಡುಕಿದೆ. ಮದುವೆ ಮುಂಜಿಗಳ ವೀಡಿಯೋಗಳಲ್ಲೆಲ್ಲ ಅವರು ಊಟದ ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಇಷ್ಟು ಜೋರು ದನಿಯ ಮನುಷ್ಯನ ಒಂದು ಮಾತನ್ನೂ ನಾವು ಹಿಡಿದಿಟ್ಟಿರಲಿಲ್ಲ.

ಫೋನು ಪಕ್ಕಕ್ಕಿಟ್ಟೆ. ಎದ್ದು ನಿಂತು, ಅಡುಗೆಮನೆಯ ಕಡೆಗೆ ಬೆನ್ನು ಹಾಕಿ, ಮೆಲ್ಲಗೆ ಹೇಳಿದೆ: "ದೋ ಇಡ್ಲೀ ಡುಬಾಕೆ. ಏಕ್ ಮಸಾಲಾ ಕಡಕ್." ನನಗೇ ನಾಚಿಕೆಯಾಯಿತು. ಐವತ್ತು ದಾಟಿದ ಹೆಂಗಸು, ನೈಟಿ ತೊಟ್ಟು, ಮನೆಯ ಹಾಲಿನಲ್ಲಿ ನಿಂತು ಯಾರಿಗೆ ಇಡ್ಲಿ ಹೇಳುತ್ತಿದ್ದೇನೆ! ಅಪ್ಪಯ್ಯ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡರು. ಬೆರಳೆತ್ತಿದರು. ಜ. ಮುಷ್ಟಿ ಹಿಡಿದು ರ. ಆಮೇಲೆ ಗ.

ಜೋರಾಗಿ.

ಉಸಿರೆಳೆದುಕೊಂಡು ಕೂಗಿದೆ. ಇಡ್ಲಿಯನ್ನು ಎಳೆದು, ಕಡಕ್ ಎಂಬಲ್ಲಿ ತುಂಡರಿಸಿ, ಫೀಕಾವನ್ನು ಗಾಳಿಗೆ ಬಿಟ್ಟು. ಗಂಟಲು ಹರಿಯುವ ಹಾಗೆ. ನನ್ನ ದನಿ ಹೆಣ್ಣಿನದಾದರೂ ರಾಗ ಅವರದೇ. ಅದು ನನ್ನೊಳಗೆ ಅಷ್ಟು ಸರಿಯಾಗಿ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ. ಅಪ್ಪಯ್ಯ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕಣ್ಣಂಚಿನಿಂದ ಕಿವಿಯ ಕಡೆಗೆ ನೀರು ಇಳಿಯುತ್ತಿತ್ತು. ಒಂದೇ ಬದಿಯಲ್ಲಿ ಬರುವ ಅವರ ನಗು ಮುಖದ ತುಂಬ ಇತ್ತು. ಮತ್ತೆ ಕೂಗಿದೆ. ಬಾಗಿಲ ಗಂಟೆ ಸದ್ದಾಯಿತು. ಪಕ್ಕದ ಮನೆಯ ಮರಾಠಿ ಕಾಕೂ ಗಾಬರಿಯಿಂದ ನಿಂತಿದ್ದರು. "ಕಾಯ್ ಝಾಲಂ? ಎಲ್ಲ ಸರಿ ಇದೆಯಲ್ಲ?" ಎಂದರು. "ಕಾಹೀ ನಾಹೀ ಕಾಕೂ, ಆರ್ಡರ್ ದಿಲೀ" ಎಂದೆ. ಏನೂ ಇಲ್ಲ, ಆರ್ಡರ್ ಕೊಟ್ಟೆ ಅಷ್ಟೆ. ಅವರು ನನ್ನ ಮುಖವನ್ನೂ ಒಳಗೆ ಮಲಗಿದ್ದ ಅಪ್ಪಯ್ಯನ ಮುಖವನ್ನೂ ನೋಡಿ, ಬಾಗಿಲೆಳೆದುಕೊಂಡು ಹೊರಟುಹೋದರು.

ಒಂದು ವರ್ಷದ ಹೊತ್ತಿಗೆ ಅಪ್ಪಯ್ಯನಿಗೆ ಮಾತು ಬಂತು. ಹಳೆಯ ದನಿ ಬರಲಿಲ್ಲ. ಈಗಿನದು ಒರಟು, ತಗ್ಗು, ಒಂದೊಂದು ಮಾತಿಗೂ ಮೆಟ್ಟಿಲು ಹತ್ತಿದಷ್ಟು ಆಯಾಸ. ಆದರೂ ಬೇಕಾದ್ದನ್ನು ಹೇಳುತ್ತಾರೆ, ಬೇಡವಾದ್ದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತಾರೆ. ಕೋಲು ಹಿಡಿದು ನಡೆಯುತ್ತಾರೆ. ತೆಳ್ಳಗಿನ ಕಾಪಿ ಕುಡಿಯುತ್ತಾರೆ. ಟೀವಿ ಅಮ್ಮನ ಸೀರಿಯಲ್ಲಿಗೆ ಮರಳಿತು. ಅಕ್ಷರಗಳ ಆ ಚೌಕವನ್ನು ಕೊನೆಯ ಸಲ ತೆರೆದದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಅದರ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಮೊನ್ನೆ ಒಂದು ಭಾನುವಾರ ದಾದರಿನಲ್ಲಿ ಮದುವೆಯಿತ್ತು. ರಿಕ್ಷಾ, ಟ್ಯಾಕ್ಸಿ ಯಾವುದೂ ಬೇಡ, ಲೋಕಲ್ಲಿನಲ್ಲೇ ಹೋಗೋಣ ಎಂದು ಅಪ್ಪಯ್ಯ ಹಟ ಹಿಡಿದರು. ಬೆಳಗಿನ ಗಾಡಿ ಅಷ್ಟು ಭರ್ತಿಯಿರಲಿಲ್ಲ. ಸುರೇಶ ಅವರನ್ನು ಜನರಲ್ ಡಬ್ಬಿಯಲ್ಲಿ ಹತ್ತಿಸಿದರು. ಯಾರೋ ಎದ್ದು ಜಾಗ ಕೊಟ್ಟರು. ನಾನೂ ಅಮ್ಮನೂ ಪಕ್ಕದ ಲೇಡೀಸ್ ಡಬ್ಬಿಯಲ್ಲಿ ಕೂತೆವು. ಎರಡು ಡಬ್ಬಿಗಳ ನಡುವೆ ಕಬ್ಬಿಣದ ಜಾಲರಿ. ಅದರಾಚೆ ಅಪ್ಪಯ್ಯನ ಮುಖ ಕಾಣುತ್ತಿತ್ತು. ನಮ್ಮ ಕಡೆ ಒಂದು ಭಜನೆಯ ಗುಂಪು ತಾಳ ಹಾಕುತ್ತಿತ್ತು, ಆ ಕಡೆ ಗಂಡಸರು ಕ್ರಿಕೆಟ್ಟಿನ ಜಗಳ ಆಡುತ್ತಿದ್ದರು. ಅಮ್ಮ ಎದ್ದು ಹೋಗಿ ಜಾಲರಿಯ ಪಕ್ಕದ ಸೀಟಿನಲ್ಲಿ ಕೂತಳು.

ಅಪ್ಪಯ್ಯ ಕೋಲನ್ನು ತೊಡೆಗೆ ಒರಗಿಸಿ ಎಡಗೈ ಎತ್ತಿದರು. ಬೆರಳುಗಳು ಬಿಚ್ಚಿ ಮಡಿಸಿ, ಮುಷ್ಟಿಯಾಗಿ, ಮತ್ತೆ ಬಿಚ್ಚಿ, ನಾನು ಮೊದಲ ಅಕ್ಷರವನ್ನು ಹಿಡಿಯುವಷ್ಟರಲ್ಲಿ ನಿಂತವು. ಈಗ ಯಾವ ಪರದೆಯೂ ಬೇಕಾಗಿರಲಿಲ್ಲ. ಅಮ್ಮ ಸೆರಗಿನ ಮರೆಯಿಂದ ತನ್ನ ಕೈ ಹೊರಗೆ ತಂದು ಅಷ್ಟೇ ಚುರುಕಾಗಿ ಏನೋ ಉತ್ತರ ಕೊಟ್ಟಳು. ಆಕೆಗೆ ಬಾಯಿ ಸರಿಯಾಗಿಯೇ ಇದೆ. ಅವರಿಬ್ಬರೂ ಇದನ್ನು ಯಾವಾಗ ಅಭ್ಯಾಸ ಮಾಡಿದರೋ, ಒಂದೇ ಮನೆಯಲ್ಲಿದ್ದ ನನಗೆ ಗೊತ್ತಿಲ್ಲ. ಜಾಲರಿಯಾಚೆ ಅಪ್ಪಯ್ಯ ನಕ್ಕರು. ಅಮ್ಮನ ಕೆನ್ನೆ, ಎಪ್ಪತ್ತು ದಾಟಿದ ಕೆನ್ನೆ, ಕೆಂಪಾಯಿತು.

ನಾನು ಬಗ್ಗಿ ಕೇಳಿದೆ. "ಅಪ್ಪಯ್ಯ ಎಂತ ಹೇಳಿದ್ರ್?"

ಅಮ್ಮ ಕೈಯನ್ನು ಮತ್ತೆ ಸೆರಗಿನೊಳಗೆ ಸೇರಿಸಿ ಕಿಟಕಿಯ ಹೊರಗೆ ನೋಡಿದಳು. "ನಿಂಗೆಂತಕ್ಕೆ ಅದೆಲ್ಲ?" ಎಂದಳು.